ಲಿಗೋರಿಯ ಗ್ಲಾಸು

ಟೈ ಗಂಟು ಮೂರನೆಯ ಸಲವೂ ಸರಿಬರಲಿಲ್ಲ. ಹಿಲ್ಡಾ ಅದನ್ನು ಬಿಚ್ಚಿ ಮತ್ತೆ ಗಂಡನ ತಣ್ಣಗಾದ ಕತ್ತಿನ ಸುತ್ತ ತಂದಳು. ಬದುಕಿದ್ದಾಗ ಲಿಗೋರಿ ಗಲ್ಲ ಮೇಲೆತ್ತಿ ಕೊಡುತ್ತಿದ್ದ. ಶಿರ್ತಾಡಿಯ ಸುತ್ತಮುತ್ತ ಕ್ರೈಸ್ತರ ಯಾವ ಮದುವೆಯಾದರೂ ಮದುಮಕ್ಕಳ ಹೆಸರಿನಲ್ಲಿ ವೈನ್ ಗ್ಲಾಸು ಎತ್ತಿ ಟೋಸ್ಟ್ ಹೇಳುತ್ತಿದ್ದವನು ಅವನೇ. ಉಳಿದ ದಿನ ವಯರಿಂಗ್ ಕೆಲಸ, ಮದುವೆಯ ದಿನ ಈ ಕಪ್ಪು ಕೋಟು.

“ಈ ಕೋಟೇ ಆಗಬೇಕಿತ್ತಾ ಅತ್ತಿಗೆ?”

ಬಾಗಿಲಲ್ಲಿ ಲಿಗೋರಿಯ ತಮ್ಮ ಸ್ಟ್ಯಾನಿ ನಿಂತಿದ್ದ. ಹದಿನೈದು ವರ್ಷಗಳ ಹಿಂದೆ ಕೆಥೋಲಿಕ್ ಇಗರ್ಜಿ ಬಿಟ್ಟು, ಕಕ್ಕಿಂಜೆಯಲ್ಲಿ ಪ್ರಾರ್ಥನಾ ಸಭೆ ನಡೆಸುವವ. ಅವರಲ್ಲಿ ಮದ್ಯದ ಒಂದು ಹನಿಯೂ ಪಾಪ.

“ಇರುವುದು ಇದೊಂದೇ ಕೋಟು” ಎಂದಳು ಹಿಲ್ಡಾ.

“ದೇವರ ಮುಂದೆಯೂ ಕುಡಿತದ ಕೋಟು ಹಾಕಿಕೊಂಡು ಹೋಗುವುದಾ? ಕೊನೆವರೆಗೂ ಅಣ್ಣ ಗ್ಲಾಸು ಬಿಡಲಿಲ್ಲ. ನಾನು ಎಷ್ಟು ಪ್ರಾರ್ಥನೆ ಮಾಡಿದ್ದೇನೆ ಗೊತ್ತುಂಟಾ?”

ಶವಪೆಟ್ಟಿಗೆಯ ಬಳಿ ಹೂ ಜೋಡಿಸುತ್ತಿದ್ದ ನೆರೆಮನೆಯ ನೋಣಯ್ಯ ತಲೆಯೆತ್ತಿದ. “ಎಂಥ ಮಾತು ಮಾರಾಯ್ರೆ! ಮದುವೆಮನೆಯಲ್ಲಿ ಯೇಸುವೇ ನೀರನ್ನು ದ್ರಾಕ್ಷಾರಸ ಮಾಡಿದ್ದಲ್ವಾ? ನಮ್ಮ ಲಿಗೋರಿ ಪೊರ್ಬುಗಳು ಟೋಸ್ಟಿನಲ್ಲಿ ಹೇಳಿ ಹೇಳಿ ನನಗೇ ಬಾಯಿಪಾಠ ಆಗಿದೆ.”

“ಅಮಲೇರಿಸಲಿಕ್ಕೆ ಮಾಡಿದ್ದಲ್ಲ” ಎಂದ ಸ್ಟ್ಯಾನಿ. “ಇಗರ್ಜಿಯ ಒಳಗೆ ನಾನು ಬರುವುದಿಲ್ಲ ಅತ್ತಿಗೆ. ಅಲ್ಲಿಯೂ ಪೂಜೆಗೆ ಅದೇ ದ್ರಾಕ್ಷಾರಸದ ಬಟ್ಟಲು. ಹೊರಗೆ ನಿಲ್ತೇನೆ.”

ಹಿಲ್ಡಾ ಟೈ ಕೈಬಿಟ್ಟಳು. “ಸ್ಟ್ಯಾನಿ, ಅಡುಗೆಮನೆಗೆ ಬಾ.”

*

ಇಪ್ಪತ್ತೆರಡು ವರ್ಷಗಳ ಹಿಂದೆ ಲಿಗೋರಿ ಕುಡಿದು ಬಂದು ಅವಳನ್ನು ದೂಡಿದ್ದ. ಒಲೆಯ ಕಟ್ಟೆಗೆ ಬಡಿದು ಪಕ್ಕೆಲುಬು ಮುರಿಯಿತು. ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಅವಳು, ಬಾವಿಕಟ್ಟೆಯ ಹತ್ತಿರ ಜಾರಿದೆ ಎಂದಳು.

“ಇಲ್ಲ ಡಾಕ್ಟ್ರೇ, ನಾನು ದೂಡಿದ್ದು” ಎಂದ ಮಂಚದ ಬದಿಯಲ್ಲಿ ನಿಂತಿದ್ದ ಲಿಗೋರಿ. ಅಂದು ಕುಡಿತ ಬಿಟ್ಟ.

ಮರುವರ್ಷ ಇಗರ್ಜಿಯ ಪಾದ್ರಿ ವಿಗಾರರು ಅವನ ಗಟ್ಟಿ ಕಂಠ ಮೆಚ್ಚಿ ಒಂದು ಮದುವೆಗೆ ಟೋಸ್ಟ್ ಹೇಳಲು ಒಪ್ಪಿಸಿದರು. ಆ ದಿನ ಅವನು ವೈನ್ ಹಾಕಿಸಿಕೊಳ್ಳದೆ ಖಾಲಿ ಗ್ಲಾಸು ಹಿಡಿದು ಹಿಲ್ಡಾಳತ್ತ ನೋಡಿದ. ಹಿಲ್ಡಾ ಹಾಲ್‌ನ ಹಿಂದಕ್ಕೆ ಹೋಗಿ, ಅಡುಗೆಯವರಿಂದ ಪುನರ್ಪುಳಿ ಹಣ್ಣಿನ ಕೆಂಪು ಶರಬತ್ತು ಕೇಳಿ ತಂದು ಆ ಗ್ಲಾಸಿಗೆ ಸುರಿದಳು. ಬಣ್ಣ ಒಂದೇ. ಆಮೇಲೆ ಪ್ರತಿ ಮದುವೆಗೂ ಅವಳ ಬ್ಯಾಗಿನಲ್ಲಿ ಒಂದು ಸಣ್ಣ ಬಾಟಲಿ ಇರುತ್ತಿತ್ತು.

“ಬೇರೆಯವರು ಕುಡಿಯುವಾಗ ನಿಮಗೆ ಬೇಜಾರಾಗುವುದಿಲ್ವಾ?” ಎಂದು ಒಮ್ಮೆ ಕೇಳಿದ್ದಳು.

“ಅವರು ಖುಷಿಗೆ ಕುಡಿಯುವುದು. ನನಗೆ ಆಗುವುದಿಲ್ಲ, ಅಷ್ಟೇ. ನನಗೆ ಆಗದ್ದನ್ನು ಊರಿಗೆಲ್ಲ ಪಾಪ ಅನ್ನಲಿಕ್ಕೆ ಆಗ್ತದಾ?”

*

“ಶರಬತ್ತಾ?” ಸ್ಟ್ಯಾನಿ ಸ್ಟೂಲಿನ ಮೇಲೆ ಕುಳಿತುಬಿಟ್ಟ. “ಇಷ್ಟು ವರ್ಷವೂ?”

“ನಡುವೆ ಎರಡು ಸಲ ಕುಡಿದಿದ್ದಾರೆ. ಸತ್ತವರ ಮುಂದೆ ಸುಳ್ಳು ಯಾಕೆ?”

“ನನಗೆ ಹೇಳಬಹುದಿತ್ತಲ್ಲ ಅತ್ತಿಗೆ! ನಮ್ಮ ಸಭೆಯಲ್ಲಿ ಎಲ್ಲರ ಮುಂದೆ ಹೇಳಲಿಕ್ಕೆ ಎಷ್ಟು ದೊಡ್ಡ ಸಾಕ್ಷಿ ಆಗ್ತಿತ್ತು!”

“ಅದಕ್ಕೇ ಹೇಳಲಿಲ್ಲ.” ಹಿಲ್ಡಾ ಸೆರಗಿನಲ್ಲಿ ಕೈ ಒರೆಸಿಕೊಂಡಳು. “ಎರಡನೇ ಸಲ ಕುಡಿದ ಮರುದಿನ ನಿನ್ನ ಹತ್ತಿರ ಹೇಳಿಕೊಳ್ತೇನೆ ಅಂತ ಕಕ್ಕಿಂಜೆಗೆ ಬಂದಿದ್ದರು. ನೀನು ಒಳಗೆ, ಕುಡುಕ ಅಣ್ಣ ಲಿಗೋರಿಗಾಗಿ ಪ್ರಾರ್ಥಿಸುವ ಅಂತ ಎಲ್ಲರಿಂದ ಆಮೆನ್ ಹೇಳಿಸ್ತಿದ್ದೆಯಂತೆ. ಅವರೂ ಬಾಗಿಲ ಹೊರಗೆ ನಿಂತು ಆಮೆನ್ ಹೇಳಿ, ಅದೇ ಬಸ್ಸಿನಲ್ಲಿ ವಾಪಸ್ ಬಂದರು.”

ಸ್ಟ್ಯಾನಿ ಸ್ಟೂಲಿನಿಂದ ಎದ್ದ. ಹೊರಗೆ ನೋಣಯ್ಯ, “ಹಿಲ್ಡಾ ಬಾಯಿ, ಹೊತ್ತಾಯ್ತು” ಎಂದು ಕರೆದ.

*

ಪೂಜೆ ಮುಗಿಯುವವರೆಗೂ ಸ್ಟ್ಯಾನಿ ಇಗರ್ಜಿಯ ಒಳಗೆ ಬರಲಿಲ್ಲ. ವಿಗಾರರು ಬಟ್ಟಲನ್ನು ಎತ್ತಿ ಹಿಡಿದಾಗ ಹಿಲ್ಡಾ ತಿರುಗಿ ನೋಡಿದಳು. ಪಕ್ಕದ ಬಾಗಿಲಾಚೆ ಬಿಸಿಲಿನಲ್ಲಿ ಅವನು ತಲೆತಗ್ಗಿಸಿ ನಿಂತಿದ್ದ.

ಸಮಾಧಿಯ ಬಳಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಸರಿದರು. ಸ್ಟ್ಯಾನಿ ಮಾತ್ರ ಹೊಂಡ ಮುಚ್ಚಲು ನಿಂತಿದ್ದ ನೆರೆಕರೆಯ ಗಂಡಸೊಬ್ಬನ ಕೈಯಿಂದ ಗುದ್ದಲಿ ತೆಗೆದುಕೊಂಡ.

“ಸಾಕು ಬಿಡಿ, ಉಳಿದದ್ದು ನಾವು ಮಾಡ್ತೇವೆ” ಎಂದ ನೋಣಯ್ಯ.

ಸ್ಟ್ಯಾನಿ ಗುದ್ದಲಿ ಕೊಡಲಿಲ್ಲ. ಜನ ಗಂಜಿಯೂಟಕ್ಕೆ ಮನೆಯ ಕಡೆ ಹೊರಟರು. ಹೊಂಡ ತುಂಬಿ ದಿಬ್ಬವಾದ ಮೇಲೆ ಸ್ಟ್ಯಾನಿ ಗುದ್ದಲಿಯನ್ನು ಬದಿಗಿಟ್ಟು ಮೊಣಕಾಲೂರಿದ. ದೊಡ್ಡ ಹೆಂಟೆಗಳನ್ನು ಆರಿಸಿ ತೆಗೆದು, ಒಂದೊಂದನ್ನೇ ಬೆರಳುಗಳಲ್ಲಿ ಹಿಟ್ಟಾಗುವಷ್ಟು ಪುಡಿಮಾಡಿ, ಮಲಗಿದ ಅಣ್ಣನಿಗೆ ತಾಗಬಾರದೆಂಬಂತೆ ಮೆಲ್ಲಗೆ ಮೇಲೆ ಉದುರಿಸತೊಡಗಿದ.