ಹಗ್ಗ ಒಣಗುವ ತನಕ

ಗೋಡೆಯಾಚೆ ನನ್ನ ಓರಗಿತ್ತಿಯ ಬಾವಿಯ ರಾಟೆ ಕಿರುಗುಟ್ಟಿದರೆ ಸಾಕು, ನನ್ನ ಹೊಟ್ಟೆಯೊಳಗೆ ಕೆಂಡ ಬಿದ್ದ ಹಾಗಾಗುತ್ತಿತ್ತು. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚು. ಮಾವ ಒಂದೇ ತಿಂಗಳಲ್ಲಿ, ಒಂದೇ ಆಳಕ್ಕೆ ತೋಡಿಸಿದ ಎರಡು ಬಾವಿಗಳು. ಮನೆ ಪಾಲಾದಾಗ ಹಿರಿಸೊಸೆ ಎಂದು ಮೊದಲು ಆರಿಸಿಕೊಂಡವಳು ನಾನು. ನೀರು ಹೆಚ್ಚಿದ್ದದ್ದನ್ನೇ ಆರಿಸಿಕೊಂಡೆ. ಈಗ ನೋಡಿದರೆ ಅವಳದರಲ್ಲಿ ಆಳೆತ್ತರ ನೀರು, ನನ್ನದರಲ್ಲಿ ಮೊಣಕಾಲುದ್ದ.

ಇಬ್ಬರದೂ ಒಂದೇ ಕಸುಬು, ಬಟ್ಟೆ ಒಗೆಯುವುದು. ನನ್ನ ಕೈಯಲ್ಲಿ ಬಸ್ ನಿಲ್ದಾಣದ ಪಕ್ಕದ ಲಾಡ್ಜಿನ ಹಾಸು ಹೊದಿಕೆಗಳಿದ್ದವು, ದಿನಕ್ಕೆ ನಲವತ್ತು. ಅವಳಿಗೆ ಮನೆಮನೆಯ ಚಿಲ್ಲರೆ ಬಟ್ಟೆ. ಎರಡು ವಾರದಿಂದ ನನಗೆ ಇಪ್ಪತ್ತು ಮುಗಿಸುವಷ್ಟರಲ್ಲಿ ನೀರು ಖಾಲಿ. ಸೋಮವಾರದವರೆಗೆ ನೋಡುತ್ತೇನೆ, ಆಮೇಲೆ ನಿಮ್ಮ ಪಕ್ಕದ ಮನೆಗೆ ಕೊಡುತ್ತೇನೆ ಎಂದು ಮ್ಯಾನೇಜರು ಹೇಳಿಕಳಿಸಿದ. ಕೊಡುವುದಾದರೆ ಊರಲ್ಲಿ ಬೇರೆ ಯಾರೂ ಇರಲಿಲ್ಲವೇ?

ಅವಳದೊಂದು ಚಾಳಿ ನನ್ನ ಮೈಯೆಲ್ಲ ಉರಿಸುತ್ತಿತ್ತು. ಹತ್ತು ಕೊಡ ಸೇದಿದ ಮೇಲೆ ಹಗ್ಗವನ್ನು ನಡುಗೋಡೆಯ ಮೇಲೆ, ನನ್ನ ಕಣ್ಣಿಗೆ ಬೀಳುವ ಹಾಗೆ, ಉದ್ದಕ್ಕೆ ಹರವಿ ಒಳಗೆ ಹೋಗಿಬಿಡುವಳು. ನನ್ನದಾಯಿತು, ನಿನ್ನದು ಎಲ್ಲಿಗೆ ಬಂತು ಎಂದು ಕೇಳಿದ ಹಾಗೆ. ಮಾವನೂ ಹಾಗೇ ಹರವುತ್ತಿದ್ದರು. ಹಗ್ಗ ಒಣಗುವ ತನಕ ಬಾವಿ ಮುಟ್ಟಬೇಡಿ ಅನ್ನುತ್ತಿದ್ದರು. ಹಗ್ಗ ಕೊಳೆಯದಿರಲಿ ಎಂಬ ಜಿಪುಣತನ ಎಂದುಕೊಂಡು ನಾನು ಮೂರು ವರ್ಷದ ಹಿಂದೆ ರಾಟೆಯನ್ನೇ ಕಿತ್ತು ಮೋಟಾರು ಇಳಿಸಿದೆ. ಮೋಟಾರು ಬೇಡ ಎಂದಳು ಅವಳು, ಅದೇ ನೆಪದಲ್ಲಿ ಅವಳೊಂದಿಗೆ ಮಾತೂ ನಿಂತಿತು. ನೀರು ಇಳಿಯತೊಡಗಿದಾಗ ಇನ್ನೂ ದೊಡ್ಡ ಮೋಟಾರು ತಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅವಳ ಬಾವಿಯ ನೀರೂ ಇತ್ತ ಎಳೆದು ಬರಲಿ ಎಂಬ ಆಸೆ ಒಳಗೊಳಗೇ ಇತ್ತು.

ಶನಿವಾರ ಬೆಳಿಗ್ಗೆ ಬಾವಿ ಕೆಲಸದ ಮುದುಕ ಬಂದ. ನನ್ನ ಗಂಡ ಕರೆಸಿರಬೇಕು ಎಂದುಕೊಂಡೆ. ಇದ್ದ ನೀರನ್ನೆಲ್ಲ ಬರಿದು ಮಾಡಿಸಿ, ಏಣಿ ಇಳಿದು, ಮಧ್ಯಾಹ್ನದವರೆಗೂ ಕಲ್ಲುಗಳ ಸಂದಿ ಕೆರೆದ. ಬುಟ್ಟಿಗಟ್ಟಲೆ ಜೇಡಿಮಣ್ಣು ಮೇಲೆ ಬಂತು, ಬೆಣ್ಣೆಯಷ್ಟು ನುಣುಪು.

"ಒರತೆ ಬತ್ತಿಲ್ಲಮ್ಮ, ಬಾಯಿ ಕಟ್ಕೊಂಡಿದೆ," ಎಂದ ಮೇಲೆ ಬಂದು. "ನಿಮ್ಮ ಮೋಟಾರು ಒಂದೇ ಸಮ ಎಳೆದೂ ಎಳೆದೂ ಸುತ್ತಲಿನ ಜೇಡೀನೆಲ್ಲ ತಂದು ಅಲ್ಲಿ ತುಂಬಿದೆ. ಹತ್ತು ಕೊಡ ಸೇದಿ, ಬಿಡಿ. ನೀರು ಊರ್ಲಿ. ಆಮೇಲೆ ಮತ್ತೆ ಸೇದಿ. ಇನ್ನೊಂದ್ಸಲ ಆತುರ ಪಟ್ರೆ ನನ್ನಿಂದ್ಲೂ ಆಗಲ್ಲ. ಪಕ್ಕದ ಮನೆ ತಾಯಿ ಹಗ್ಗ ಒಣಗಿಸ್ತಾರಲ್ಲ, ಅದೇ ಲೆಕ್ಕ."

ಅವಳ ಸುದ್ದಿ ನನಗೇಕೆ ಎಂದು ಸಿಡುಕಿದೆ.

"ನನ್ನ ಕಳ್ಸಿದ್ದೇ ಅವ್ರು. ಬಟ್ಟೆ ಒಗೆದುಕೊಡ್ತೀರಾ ಅಂತ ಲಾಡ್ಜಿನವ್ರು ಅವ್ರನ್ನ ಕೇಳೋಕೆ ಬಂದಿದ್ರಂತೆ. ಅಕ್ಕನ ಬಾವಿ ಸರಿಯಾಗುತ್ತೆ, ಒಂದು ವಾರ ತಡ್ಕೊಳ್ಳಿ ಅಂತ ಹೇಳಿ ಕಳ್ಸಿದ್ರಂತೆ."

ಮನಸ್ಸು ಕರಗಬೇಕಿತ್ತು. ಕರಗಲಿಲ್ಲ. ಒಳ್ಳೆಯವಳಾಗುವುದರಲ್ಲೂ ಅವಳೇ ಮುಂದೆ ಎಂದು ಇನ್ನಷ್ಟು ಉರಿಯಿತು. ಬಾವಿ ತುಂಬ ನೀರಿದ್ದಿದ್ದರೆ ನಾನೂ ಒಳ್ಳೆಯವಳಾಗಿಯೇ ಇರುತ್ತಿದ್ದೆ ಎಂದು ರಾತ್ರಿ ಗಂಡನಿಗೆ ಹೇಳಿದೆ. ಅವನು ಆ ಕಡೆ ಮಗ್ಗುಲಾಗಿ ಮಲಗಿದ.

ಸೋಮವಾರ ಬೆಳಿಗ್ಗೆ ಬಗ್ಗಿ ನೋಡಿದರೆ ನೀರು ಎದೆಮಟ್ಟ ಬಂದಿತ್ತು. ಮೋಟಾರು ಬಿಚ್ಚಿಟ್ಟು, ಅಟ್ಟದ ಮೇಲಿದ್ದ ರಾಟೆ ಕಟ್ಟಿಸಿದೆ. ಹತ್ತು ಕೊಡ ಸೇದಿ ಹಗ್ಗವನ್ನು ನಡುಗೋಡೆಯ ಮೇಲೆ ಹರವಿದೆ. ಅವಳ ಹಗ್ಗ ಆಗಲೇ ಅಲ್ಲಿತ್ತು. ಸೇದುವುದರಲ್ಲೂ ನನಗಿಂತ ಮೊದಲು. ಎರಡೂ ಹಗ್ಗಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಬಟ್ಟೆಯ ರಾಶಿ ಮುಂದಿಟ್ಟುಕೊಂಡು ಕಾಯುತ್ತಾ ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಗೋಡೆಯಾಚೆಯಿಂದ ದನಿ ಬಂತು. ಮೂರು ವರ್ಷದ ಮೇಲೆ ಮೊದಲ ಮಾತು.

"ಅಕ್ಕಾ, ನಿಮ್ಮ ಹಗ್ಗ ಒಣಗ್ತಾ?"

ಎದ್ದು ಹೋಗಿ ಮುಟ್ಟಿ ನೋಡಿದೆ. ಹಿಂಡಿದರೆ ಒಂದು ಚೊಂಬು ನೀರು ಬರುವಂತಿತ್ತು.

"ಆಗ್ಲೇ ಒಣಗ್ತು," ಅಂದೆ. "ನಿಂದಿನ್ನೂ ಒಣಗಿಲ್ವಾ?"