ಮೊದಲು ತಪ್ಪಾಯ್ತು ಅನ್ನು

ಶಿಗೆನೊ ತಲೆ ಬಗ್ಗಿಸದ ಬಾಗಿಲು ಆ ಬಂದರಿನ ಊರಿನಲ್ಲಿ ಒಂದೂ ಉಳಿದಿರಲಿಲ್ಲ. ಗಂಡ ದೋಣಿಯ ಜೊತೆ ಮುಳುಗಿದಾಗ ಅವಳು ದೋಣಿ ಮಾಲೀಕನ ಮನೆಗೆ ಹೋಗಿ, ನಮ್ಮವರಿಂದ ನಿಮಗೆ ನಷ್ಟವಾಯಿತು ಎಂದು ಕ್ಷಮೆ ಕೇಳಿ ಬಂದಿದ್ದಳು. ಸತ್ತವನು ತನ್ನ ಗಂಡ, ಕ್ಷಮೆ ಕೇಳಿದವಳೂ ತಾನೇ. ಇದರಲ್ಲಿ ವಿಚಿತ್ರವೇನೂ ಯಾರಿಗೂ ಕಾಣಲಿಲ್ಲ, ಅವಳಿಗಂತೂ ಕಾಣಲೇ ಇಲ್ಲ. ಅಲ್ಲಿಯವರಿಗೆ ತಲೆ ಬಗ್ಗಿಸುವುದೆಂದರೆ ತಪ್ಪು ಒಪ್ಪಿಕೊಂಡ ಹಾಗಲ್ಲ, ಮಳೆ ಬಂದಾಗ ಕೊಡೆ ಬಿಚ್ಚಿದ ಹಾಗೆ. ಹಾಗೆಂದು ಎಲ್ಲರೂ ನಂಬಿದ್ದರು, ನ್ಯಾಯಾಲಯ ಬೇರೆ ಅರ್ಥ ಹೇಳುವವರೆಗೆ.

ಮಗ ಇಸಾಮು ಎರಡನೇ ತರಗತಿಯಲ್ಲಿದ್ದಾಗ ಶಾಲೆಯ ಮೊಲದ ಗೂಡು ಯಾರೋ ತೆರೆದಿಟ್ಟು, ಮೊಲಗಳೆಲ್ಲ ನಾಯಿಯ ಪಾಲಾದವು. ಆ ವಾರ ಮೊಲಕ್ಕೆ ಸೊಪ್ಪು ಹಾಕುವ ಸರದಿ ಇಸಾಮುವಿನದು. ತಾನು ಚಿಲಕ ಹಾಕಿಯೇ ಬಂದಿದ್ದೆ ಎಂದು ಹುಡುಗ ದಾರಿಯುದ್ದಕ್ಕೂ ಅಳುತ್ತಾ ಹೇಳಿದ. ಶಿಗೆನೊ ಕೇಳಿಸಿಕೊಳ್ಳಲಿಲ್ಲ. ಅವನನ್ನು ನುಕಾಗಾ ಮೇಷ್ಟ್ರ ಮನೆಯ ಮುಂದೆ ನಿಲ್ಲಿಸಿ, ಕುತ್ತಿಗೆಯ ಮೇಲೆ ಅಂಗೈ ಇಟ್ಟು ಒತ್ತಿದಳು.

"ಮೊದಲು ತಪ್ಪಾಯ್ತು ಅನ್ನು. ಮಿಕ್ಕಿದ್ದು ಆಮೇಲೆ."

ಆ ಪುಟ್ಟ ಕುತ್ತಿಗೆ ಸ್ವಲ್ಪ ಹೊತ್ತು ಸೆಟೆದು ನಿಂತಿತ್ತು. ಆಮೇಲೆ ಸೋತು ಬಾಗಿತು. ಚಿಲಕ ಮರೆತವನು ಶಾಲೆಯ ಜವಾನ ಎಂದು ತಿಂಗಳು ಕಳೆಯುವ ಮೊದಲೇ ಗೊತ್ತಾಯಿತು, ಆದರೆ ಯಾರೂ ಬಂದು ಒಂದು ಮಾತು ಹೇಳಲಿಲ್ಲ. ಶಿಗೆನೊ ಕೂಡ ಸುಲಭದಲ್ಲಿ ಮುಗಿಯಿತಲ್ಲ ಎಂದು ಸುಮ್ಮನಾದಳು. ಆಮೇಲೆ ಅಂತ ಹೇಳಿದ ಆ ಮಿಕ್ಕಿದ್ದು ಬರಲೇ ಇಲ್ಲ.

ಇಸಾಮು ಬೆಳೆದು ಗಂಡಸಾದ ಮೇಲೆ ಕಡಲಪಾಚಿ ವ್ಯಾಪಾರಿ ತೊಕುನಾಗಾನ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಯಜಮಾನನ ಜೊತೆ ಜಗಳವಾಡಿ ಕೆಲಸ ಬಿಟ್ಟ ಸ್ವಲ್ಪ ದಿನಕ್ಕೇ ಯಜಮಾನನ ಹೆಂಡತಿ ಗೋದಾಮಿನಲ್ಲಿ ಹೆಣವಾಗಿ ಸಿಕ್ಕಿದಳು. ಯಾರೋ ತಲೆಗೆ ಹೊಡೆದಿದ್ದರು. ಪೊಲೀಸರಿಗೆ ದೂರ ಹುಡುಕುವ ಕಷ್ಟವೇ ಇರಲಿಲ್ಲ, ಜಗಳವಾಡಿದವನು ಬೀದಿಯ ತುದಿಯಲ್ಲೇ ಇದ್ದ. ಅವನನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ನಿದ್ದೆಗೆಡಿಸಿ, ಕೂರಿಸಿ, ಕೂಗಾಡಿ, ಕೊನೆಗೆ ತಾನೇ ಕೊಂದೆ ಎಂದು ಅವನ ಬಾಯಿಂದಲೇ ಹೊರಡಿಸಿದರು. ಆ ಸುದ್ದಿಯನ್ನು ಒಬ್ಬ ಅಧಿಕಾರಿ ಶಿಗೆನೊ ಮೀನು ಸೀಳುತ್ತಿದ್ದ ಚಪ್ಪರಕ್ಕೇ ಬಂದು ಹೇಳಿ ಹೋದ. ಪಕ್ಕದಲ್ಲಿ ಕೂತಿದ್ದ ಹೆಂಗಸರು ತಮ್ಮ ಹಲಗೆಗಳನ್ನು ಒಂದೊಂದು ಗೇಣು ಆಚೆ ಎಳೆದುಕೊಂಡರು.

ಆ ರಾತ್ರಿ ಶಿಗೆನೊ ನಂಬಿದಳು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೆತ್ತ ಮಗ ಕೊಲೆಗಾರ ಎಂದು ಪೊಲೀಸರು ಹೇಳಿದರು, ಅವಳು ನಂಬಿದಳು.

ಮರುದಿನ ಸ್ನಾನ ಮಾಡಿ, ಸಾವಿನ ಮನೆಗೆ ಉಡುವ ಕಪ್ಪು ಕಿಮೋನೊ ಉಟ್ಟು, ಬಣ್ಣದ ಬಟ್ಟೆಯಲ್ಲಿ ಕೆಂಪು ಕಾಳಿನ ಸಿಹಿ ಹಲ್ವದ ಪೆಟ್ಟಿಗೆ ಕಟ್ಟಿಕೊಂಡು ತೊಕುನಾಗಾನ ಮನೆಗೆ ಹೋದಳು. ಹೊಸ್ತಿಲಾಚೆಯ ಕಲ್ಲಿನ ಮೇಲೆ ಮೊಣಕಾಲೂರಿ ಹಣೆ ನೆಲಕ್ಕೆ ಮುಟ್ಟಿಸಿ, ನನ್ನ ಮಗನಿಂದ ನಿಮಗೆ ತೀರಿಸಲಾಗದ ಅನ್ಯಾಯವಾಯಿತು ಎಂದಳು. ಅಂಥ ಹೊತ್ತಿನಲ್ಲಿ ಹೇಳುವ ಮಾತು ಅದೇ, ಬೇರೆ ಮಾತಿಲ್ಲ. ಸತ್ತವಳ ಮಗ ಬಾಗಿಲಲ್ಲಿ ನಿಂತು ನೋಡಿದ. ಪೆಟ್ಟಿಗೆ ತೆಗೆದುಕೊಳ್ಳಲಿಲ್ಲ, ಮಾತು ಮಾತ್ರ ತೆಗೆದಿಟ್ಟುಕೊಂಡ.

ಅದನ್ನು ಅವನು ನ್ಯಾಯಾಲಯದಲ್ಲಿ ಹೊರಗೆ ತೆಗೆದ. ಅಷ್ಟು ಹೊತ್ತಿಗೆ ಇಸಾಮು ಕಟಕಟೆಯಲ್ಲಿ ನಿಂತು, ತಾನು ಮಾಡಿಲ್ಲ, ನಿದ್ದೆಗೆಟ್ಟು ಹೇಳಿದ ಮಾತು ಅದು ಎಂದು ಗಂಟಲು ಹರಿಯುವಂತೆ ಹೇಳುತ್ತಿದ್ದ. ಸರ್ಕಾರಿ ವಕೀಲ ಶಿಗೆನೊಳ ಕಡೆ ಕೈ ತೋರಿಸಿದ. ಆರೋಪಿಯನ್ನು ಎಲ್ಲರಿಗಿಂತ ಬಲ್ಲವಳು ಅವನ ತಾಯಿ, ಅವಳಿಗೇ ಅನುಮಾನವಿರಲಿಲ್ಲ ಎಂದ. ನ್ಯಾಯಾಧೀಶರು ಆ ಮಾತನ್ನು ತೀರ್ಪಿನಲ್ಲಿ ಸೇರಿಸಿ ಜೀವಾವಧಿ ಕೊಟ್ಟರು. ಆ ನ್ಯಾಯಾಧೀಶರೂ ಕ್ಷಮೆ ಕೇಳುವ ಊರಿನಲ್ಲೇ ಹುಟ್ಟಿ ಬೆಳೆದವರು, ರೈಲಿನಲ್ಲಿ ಯಾರಾದರೂ ತಮ್ಮ ಕಾಲು ತುಳಿದರೆ ತಾವೇ ಕ್ಷಮಿಸಿ ಅನ್ನುವವರು. ಅವರಿಗೆ ಆ ಪದ್ಧತಿ ಗೊತ್ತಿರಲಿಲ್ಲವೆಂದರೆ ನಂಬುವವರು ಯಾರು?

ಶಿಗೆನೊ ಜೈಲಿಗೆ ನೋಡಲು ಹೋದಾಗ ಇಸಾಮು ಭೇಟಿಯ ಕೋಣೆಗೆ ಬರಲಿಲ್ಲ. ಮುಂದಿನ ಸಲವೂ ಬರಲಿಲ್ಲ, ಎಷ್ಟು ವರ್ಷ ಹೋದರೂ ಬರಲಿಲ್ಲ. ಒಂದೇ ಒಂದು ಮಾತು ವಕೀಲರ ಕೈಲಿ ಹೇಳಿ ಕಳಿಸಿದ. "ಅಮ್ಮ ನನ್ನನ್ನ ಒಂದ್ಸಲ ಕೇಳ್ಬಹುದಿತ್ತು."

ಅಲ್ಲಿಂದ ಶಿಗೆನೊಗೆ ಬದುಕಿನಲ್ಲಿ ಬೇಕಾಗಿದ್ದು ಒಂದೇ. ಅವನನ್ನು ಎದುರಿಗೆ ಕೂರಿಸಿಕೊಂಡು ನೀನು ಮಾಡಿದೆಯಾ ಎಂದು ಕೇಳಬೇಕು, ಅವನು ಇಲ್ಲ ಅನ್ನಬೇಕು, ಅದನ್ನು ತನ್ನ ಕಿವಿಯಾರೆ ಕೇಳಿ ಸಾಯಬೇಕು. ನುಕಾಗಾ ಮೇಷ್ಟ್ರು ನಿವೃತ್ತರಾದ ಮೇಲೆ ಇಸಾಮುವಿನ ಪರ ಒಂದು ಬೆಂಬಲ ಸಂಘ ಕಟ್ಟಿದರು. ಒಳ್ಳೆಯವರು. ಮೊಲದ ಕಥೆ ಅವರಿಗೆ ನೆನಪೇ ಇರಲಿಲ್ಲ. ಅವರ ಜೊತೆ ಅವಳು ರೈಲು ನಿಲ್ದಾಣದ ಮುಂದೆ ಚಳಿಯಲ್ಲಿ, ಹಿಮದಲ್ಲಿ, ಕೂದಲು ಬೆಳ್ಳಗಾಗುವವರೆಗೆ ಕರಪತ್ರ ಹಂಚಿದಳು. ಕೆಲವರು ತೆಗೆದುಕೊಂಡು ಕೈ ಒರೆಸಿಕೊಂಡು ಬಿಸಾಕಿದರು. ಅವರಿಗೂ ಬಗ್ಗಿ ನಮಸ್ಕರಿಸಿದಳು. ಹಾಳಾದ ಅಭ್ಯಾಸ, ಬಿಟ್ಟರೆ ತಾನೇ.

ಕೊನೆಗೆ ಗೋದಾಮಿನ ನೆಲದಲ್ಲಿದ್ದ ಬೂಟುಗಾಲಿನ ಗುರುತಿನ ಚಿತ್ರವೊಂದು ಸರ್ಕಾರಿ ಕಪಾಟಿನಿಂದ ಹೊರಗೆ ಬಂತು. ಅದು ಇಸಾಮುವಿನ ಕಾಲಲ್ಲ, ಅವನ ಕಾಲು ಆ ಬೂಟಿನೊಳಗೆ ಹಿಡಿಸುವುದೇ ಇಲ್ಲ. ಮೊದಲ ದಿನದಿಂದಲೂ ಅದು ಪೊಲೀಸರ ಹತ್ತಿರ ಇತ್ತಂತೆ. ಮರುವಿಚಾರಣೆ ನಡೆದು ಅವನು ನಿರಪರಾಧಿಯೆಂದು ತೀರ್ಪಾಯಿತು. ಕಪಾಟಿಗೆ ಬೀಗ ಹಾಕಿಕೊಂಡಿದ್ದವರು ಯಾರೂ ಯಾರ ಮನೆಯ ಹೊಸ್ತಿಲಿಗೂ ಸಿಹಿ ಪೆಟ್ಟಿಗೆ ಹಿಡಿದುಕೊಂಡು ಹೋಗಲಿಲ್ಲ.

ಇಸಾಮು ಮನೆಗೆ ಬಂದ. ಹಲ್ಲು ಅರ್ಧ ಉದುರಿದ, ತಾಯಿಗಿಂತ ಮುದುಕನಂತೆ ಕಾಣುವ ಮಗ. ಬಚ್ಚಲಿಗೆ ಹೋಗಲೂ ಬಾಗಿಲ ಹತ್ತಿರ ನೆಟ್ಟಗೆ ನಿಂತು ಅಪ್ಪಣೆ ಕೇಳುತ್ತಿದ್ದ. ಅವನಿಗಿಷ್ಟವೆಂದು ಬೇಯಿಸಿದ ಮೂಲಂಗಿಯನ್ನು ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವ ಹಾಗೆ ನುಂಗಿ, ಖಾಲಿ ಬಟ್ಟಲನ್ನು ಬಾಗಿಲ ಕಡೆ ಸರಿಸಿ ಕೂರುತ್ತಿದ್ದ. ಶಿಗೆನೊ ಧೈರ್ಯ ಮಾಡಿ ಬಾಯಿ ತೆರೆದಳು. ಆವತ್ತು ನಿನ್ನನ್ನು ಕೇಳದೆ ಹೋದೆ ಎಂದಳು.

"ಸರಿ," ಎಂದ.

"ಬೈಯೋ ನನ್ನ. ಬಾಯಿಗೆ ಬಂದ ಹಾಗೆ ಬೈಯಿ."

"ಸರಿ," ಎಂದ ಮತ್ತೆ, ಬೈಯಲಿಲ್ಲ.

ಜೈಲಿನೊಳಗಿಂದ ಅವಳನ್ನು ಅಷ್ಟು ವರ್ಷ ದೂರ ಇಟ್ಟ ಆ ಸಿಟ್ಟಿನ ಮಗ ಎಲ್ಲಿ ಹೋದ? ಆ ಸಿಟ್ಟೇ ಅವಳನ್ನು ಜೀವಂತ ಇಟ್ಟಿತ್ತು. ಅದನ್ನೂ ಜೈಲಿನವರು ಒಳಗೇ ಉಳಿಸಿಕೊಂಡು ಸಿಪ್ಪೆಯನ್ನಷ್ಟೇ ಕಳಿಸಿದ್ದರು.

ಸಂಘದವರು ಊರಿನ ಸಭಾಭವನದಲ್ಲಿ ಕೃತಜ್ಞತೆಯ ಸಭೆ ಇಟ್ಟರು. ಕರಪತ್ರದಿಂದ ಕೈ ಒರೆಸಿಕೊಂಡವರೂ ಒಳ್ಳೆ ಬಟ್ಟೆ ಹಾಕಿಕೊಂಡು ಬಂದರು. ಸತ್ತವಳ ಮಗ, ಕಿರಿಯ ತೊಕುನಾಗಾ ಕೂಡ ಬಂದ, ಜನ ದಾರಿ ಬಿಟ್ಟು ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ತೀರ್ಪನ್ನು ಅವನಿನ್ನೂ ನಂಬಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವನದೂ ಪಾಪದ ಕಥೆಯೇ, ಇಷ್ಟು ವರ್ಷ ದ್ವೇಷಿಸಿದವನನ್ನು ಬಿಟ್ಟರೆ ದ್ವೇಷಿಸಲು ಅವನಿಗೆ ಬೇರೆ ಮುಖವೇ ಇರಲಿಲ್ಲ.

ವೇದಿಕೆಗೆ ಹೋಗುವ ಮೊದಲು ಮೇಷ್ಟ್ರು ಶಿಗೆನೊಗೆ ಹೇಳಬೇಕಾದ್ದನ್ನು ಹೇಳಿಕೊಟ್ಟರು. ಈ ಪ್ರಕರಣದಿಂದ ಊರಿಗೆಲ್ಲ ತೊಂದರೆಯಾಯಿತು, ದಯವಿಟ್ಟು ಕ್ಷಮಿಸಿ ಎಂದು ಶುರು ಮಾಡಿ, ಆಮೇಲೆ ಧನ್ಯವಾದ ಹೇಳಬೇಕು.

"ಯಾರು ಯಾರನ್ನ ಕ್ಷಮಿಸ್ಬೇಕು ಮೇಷ್ಟ್ರೇ?"

"ಅಯ್ಯೋ, ಇದು ಬರೀ ಮಾತಿನ ಪದ್ಧತಿ ಕಣಮ್ಮಾ. ನಿಮಗೆ ಗೊತ್ತಿಲ್ದೇ ಇರೋದಾ?"

"ಗೊತ್ತು," ಎಂದಳು ಶಿಗೆನೊ. "ಆ ಪದ್ಧತೀಲೇ ನನ್ನ ಮಗ ಒಳಗೆ ಹೋಗಿದ್ದು."

ಮೈಕಿನ ಮುಂದೆ ನಿಂತಾಗ ಅವಳ ಬೆನ್ನು ತಾನಾಗಿಯೇ ಬಾಗಲು ಹೊರಟಿತು. ಮೇಜಿನ ಅಂಚು ಹಿಡಿದು ಅದನ್ನು ತಡೆದಳು. ಇವತ್ತು ತಾನು ಯಾರಿಗೂ ತಲೆ ಬಗ್ಗಿಸುವುದಿಲ್ಲ, ಅಂದು ತೊಕುನಾಗಾನ ಹೊಸ್ತಿಲಲ್ಲಿ ಬಗ್ಗಿಸಿದ್ದನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದಳು. ಭವನದಲ್ಲಿ ಗುಸುಗುಸು ಎದ್ದಿತು. ಮುದುಕಿಗೆ ಗೆದ್ದ ಸೊಕ್ಕು ನೋಡಿ ಎಂದು ಯಾರೋ ಹಿಂದಿನಿಂದ ಅಂದದ್ದೂ ಕೇಳಿಸಿತು. ಅವಳು ವೇದಿಕೆಯ ಮೇಲೆ ಮಗ ಕೂತಿದ್ದ ಪಕ್ಕದ ಕುರ್ಚಿಯ ಕಡೆ ತಿರುಗಿದಳು. ಎದೆ ತುಂಬ ಆಸೆಯಿತ್ತು.

"ಇಸಾಮು, ಆವತ್ತು ಕೇಳಲಿಲ್ಲ. ಇವತ್ತು ಎಲ್ಲರ ಎದುರಿಗೇ ಕೇಳ್ತೀನಿ. ನೀನು ಮಾಡಿದ್ಯೇನಪ್ಪಾ?"

ಹೆಸರು ಕರೆದ ಕೂಡಲೇ ಇಸಾಮು ಎದ್ದು ಹಿಮ್ಮಡಿ ಜೋಡಿಸಿ ನಿಂತ. ಅವನು ಅಷ್ಟು ಮುಖಗಳನ್ನು ನೋಡಿದ, ಮುಂದಿನ ಸಾಲಿನಲ್ಲಿದ್ದ ತೊಕುನಾಗಾನನ್ನು ನೋಡಿದ. ತುಟಿ ಅಲುಗಿತು. ಇಲ್ಲ ಎನ್ನುವ ಒಂದು ಮಾತಿಗಾಗಿ ಶಿಗೆನೊ ಕಿವಿ ಚಾಚಿದಳು.

"ಎಲ್ಲರಿಗೂ ತೊಂದರೆ ಕೊಟ್ಟೆ," ಎಂದ ಇಸಾಮು. "ತಪ್ಪಾಯ್ತು."

ಸೊಂಟದವರೆಗೆ ಬಗ್ಗಿ ಹಾಗೆಯೇ ನಿಂತುಬಿಟ್ಟ. ಜನಕ್ಕೆ ಹೋದ ಜೀವ ಬಂದಂತಾಯಿತು, ಎಷ್ಟು ವಿನಯ ನೋಡಿ ಎಂದು ಚಪ್ಪಾಳೆ ತಟ್ಟಿದರು. ತೊಕುನಾಗಾ ಎಂದಿನಿಂದಲೂ ತನಗೆ ಗೊತ್ತಿದ್ದದ್ದೇ ಇದು ಎನ್ನುವಂತೆ ಒಮ್ಮೆ ತಲೆಯಾಡಿಸಿದ.

ಶಿಗೆನೊ ಮೈಕು ಬಿಟ್ಟು ಬಂದು ಮಗನನ್ನು ಹಿಡಿದಳು. "ಬೇಡ ಕಣೋ. ತಲೆ ಎತ್ತು, ನೀನೇನೂ ಮಾಡಿಲ್ಲ, ಎತ್ತೋ," ಎನ್ನುತ್ತಾ ಅವನನ್ನು ಎಬ್ಬಿಸಲು ಕುತ್ತಿಗೆಗೆ ಕೈ ಹಾಕಿದಳು. ಆ ಅಂಗೈ ತಾಗಿದ್ದೇ ತಡ, ಇಸಾಮುವಿನ ಕುತ್ತಿಗೆ ಇನ್ನಷ್ಟು ಕೆಳಗೆ ಬಾಗಿತು.