ಮೊನ್ಮಾ ಸಾನ್ ಅವರ ಬಕೆಟ್ಟು

ಮೊನ್ಮಾ ಸಾನ್ ನಡೆಯುವುದನ್ನು ಮೊದಲ ಸಲ ಕಂಡವರಿಗೆ ಅವರ ಮೊಣಕಾಲಿನಲ್ಲಿ ಏನೋ ಊನವಿದೆ ಎನ್ನಿಸುತ್ತಿತ್ತು. ಕಾಲುಗಳನ್ನು ಅಗಲಿಸಿ, ಮೊಣಕಾಲನ್ನು ಕೊಂಚ ಮಡಿಸಿ, ಹೆಜ್ಜೆಗೊಮ್ಮೆ ಮೈಯನ್ನು ಎಡಕ್ಕೂ ಬಲಕ್ಕೂ ಅಡ್ಡ ತಂದು, ಪಕ್ಕದಿಂದ ಯಾರೋ ನುಸುಳಿಹೋಗುವುದನ್ನು ತಡೆಯುವವರಂತೆ ನಡೆಯುತ್ತಿದ್ದರು. ಊನವೇನೂ ಇರಲಿಲ್ಲ. ಮೂವತ್ತೊಂದು ವರ್ಷ ಹಂದಿ ಸಾಕಿದ ಮನುಷ್ಯ ಅವರು. ಕೊಟ್ಟಿಗೆಯ ಬಾಗಿಲು ತೆರೆದಾಗ ಮರಿಗಳು ಕಾಲಸಂದಿಯಲ್ಲಿ ನುಗ್ಗದಂತೆ ನಡೆದು ನಡೆದು ಅದೇ ಅವರ ನಡಿಗೆಯಾಗಿತ್ತು. ಹಂದಿಗಳು ಹೋಗಿ ನಾಲ್ಕು ವರ್ಷ ದಾಟಿದ್ದರೂ ಆ ಸುದ್ದಿ ಕಾಲುಗಳಿಗೆ ತಲುಪಿರಲಿಲ್ಲ.

ನಾನು ಅವರನ್ನು ಕಂಡದ್ದು ಫುಕುಶಿಮಾದ ಒಳಬೆಟ್ಟಗಳಲ್ಲಿ, ಭೂಕಂಪದ ಬೆನ್ನಿಗೆ ಅಣುಸ್ಥಾವರದ ಅವಘಡವಾಗಿ ಜನರನ್ನೆಲ್ಲ ಹೊರಡಿಸಿದ್ದ ಒಂದು ಊರಿನಲ್ಲಿ. ಹಗಲು ಹೋಗಿ ಹಗಲೇ ಹಿಂದಿರುಗಲು ಮಾತ್ರ ಅಪ್ಪಣೆ. ಜನರಿಲ್ಲದ ಆ ಬೆಟ್ಟಗಳಿಗೆ ಜಿಂಕೆಗಳು ಬರತೊಡಗಿದ್ದವು. ಅವುಗಳ ಮೈಯಲ್ಲಿ ವಿಕಿರಣ ಎಷ್ಟು ಸೇರಿದೆ ಎಂಬುದನ್ನು ನನ್ನ ಮಗಳು ನಿರುಪಮಾ ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗಾಗಿ ಓದುತ್ತಿದ್ದಳು. ಜಿಂಕೆಯನ್ನು ಹಿಡಿಯಬೇಕಿಲ್ಲ, ಕೊಲ್ಲಬೇಕಿಲ್ಲ, ಒಂದು ಕಡೆ ಬಂದು ಮೇಯ್ದರೆ ಸಾಕು, ಬೇಲಿಗೆ ಅಂಟಿದ ಕೂದಲು ಸಿಗುತ್ತದೆ. ಅದಕ್ಕೆಂದು ಮೇವಿನ ಪೀಪಾಯಿ ನಿಲ್ಲಿಸಲು ಜಾಗ ಕೊಟ್ಟವರು ಮೊನ್ಮಾ ಸಾನ್, ತಮ್ಮ ಖಾಲಿ ಕೊಟ್ಟಿಗೆಯ ಹಿಂದಿನ ಬಯಲಿನಲ್ಲಿ. ಸೋಮವಾರ, ಗುರುವಾರ ಅವರೊಬ್ಬರೇ ಬಂದು ಜೋಳ ತುಂಬುತ್ತಿದ್ದರು. ಶನಿವಾರ ನಿರುಪಮಾ ಮೂರು ಗಂಟೆ ಕಾರು ನಡೆಸಿಕೊಂಡು ಬಂದು ತುಂಬುತ್ತಿದ್ದಳು. ನಮ್ಮವರು ತೀರಿಕೊಂಡ ಮೇಲೆ ಮಗಳ ಮನೆ ಸೇರಿದ್ದ ನಾನು ಬುತ್ತಿ ಹಿಡಿದು ಜೊತೆಗೆ ಹೋಗುತ್ತಿದ್ದೆ.

ಆ ಶನಿವಾರಗಳಲ್ಲಿ ಅವರೂ ತಪ್ಪದೆ ಬಂದು, ಮೇವಿನ ಕಂಪನಿ ಎಂದೋ ಕೊಟ್ಟ ನೀಲಿ ಕೋಟಿನಲ್ಲಿ ಕಾದು ನಿಂತಿರುತ್ತಿದ್ದರು. ಕೋಟಿನ ಎಡತೋಳು ಮಾತ್ರ ಮೊಣಕೈಯ ಬಳಿ ನೂಲು ನೂಲಾಗಿತ್ತು, ಬಕೆಟ್ಟು ನೇತುಹಾಕಿಕೊಳ್ಳುತ್ತಿದ್ದ ತೋಳು ಅದು. ನನ್ನನ್ನು ತಾಯಿ ಎಂಬರ್ಥದಲ್ಲಿ ಒಕಾ ಸಾನ್ ಎಂದು ಕರೆಯುತ್ತಿದ್ದರು. ಮೊದಲ ದಿನ ನನ್ನ ಉಪ್ಪಿಟ್ಟನ್ನು ಬೆರಳಲ್ಲಿ ಹೊಸಕಿ ನೋಡಿ, ತಿಂದು, ಏನೋ ಹೇಳಿದರು. ನಿರುಪಮಾ ನಗು ತಡೆಯಲಾರದೆ ಅತ್ತ ತಿರುಗಿದಳು.

"ಬೇಜಾರ್ ಮಾಡ್ಕೋಬೇಡಮ್ಮ. ಒಳ್ಳೆ ಹಂದಿ ಮೇವಿನ ಥರ ಇದೆಯಂತೆ, ಎಲ್ಲಾ ಕಾಳೂ ಒಂದೇ ಸೈಜು. ಅವರ ಲೆವೆಲ್‌ಗೆ ಇದು ಹೈಯೆಸ್ಟ್ ಕಾಂಪ್ಲಿಮೆಂಟ್."

ಪೀಪಾಯಿಯನ್ನು ಮಾಡಿದವರೂ ಅವರೇ. ಅದಕ್ಕೆ ಮೋಟಾರಿಲ್ಲ, ಬ್ಯಾಟರಿಯಿಲ್ಲ. ಮೂರು ಕಬ್ಬಿಣದ ಕಾಲಿನ ಮೇಲೆ ಡ್ರಮ್ಮು, ಬುಡದಿಂದ ಓರೆಯಾಗಿ ಇಳಿದ ಕೊಳವೆ, ತುದಿಯಲ್ಲಿ ಅಂಗೈಯಗಲದ ಬಾಯಿ. ಜೋಳ ತನ್ನ ಭಾರಕ್ಕೆ ತಾನೇ ಇಳಿದು ಬಾಯಿ ತುಂಬಿ ನಿಲ್ಲುತ್ತದೆ, ಜಿಂಕೆ ತಿಂದಷ್ಟೇ ಮತ್ತೆ ಇಳಿಯುತ್ತದೆ. ಜೋಳದ ವಾಸನೆಗೆ ಕಾಡಿನಿಂದ ಬಂದ ಹಂದಿಗಳು ಪೀಪಾಯಿಯ ಕಾಲುಗಳನ್ನು ಮೂತಿಯಿಂದ ಅಲ್ಲಾಡಿಸಿ ಕಾಳು ಉದುರಿಸಿಕೊಂಡಾಗ ಅವರು ಕಾಲುಗಳನ್ನು ಗೂಟಕ್ಕೆ ಬಿಗಿದು, ಬಾಯಿಯನ್ನು ಜಿಂಕೆಯ ಕೊರಳಿನ ಎತ್ತರಕ್ಕೆ ಏರಿಸಿದರು. ಸುತ್ತ ಸೊಂಟದೆತ್ತರಕ್ಕೆ ಕಬ್ಬಿಣದ ಜಾಲರಿ ನಿಲ್ಲಿಸಿ ಮೇಲಂಚನ್ನು ಗೇಣುದ್ದ ಹೊರಕ್ಕೆ ಬಾಗಿಸಿದರು. ಜಿಂಕೆ ದೂರದಿಂದಲೇ ಅಳೆದು ಹಾರುತ್ತದೆ, ಬುಡಕ್ಕೆ ಬಂದು ತಲೆಯೆತ್ತುವ ಹಂದಿಗೆ ಕಬ್ಬಿಣ ಹಣೆಗೆ ತಗಲುತ್ತದೆ. ಅಗೆದು ನುಗ್ಗದಂತೆ ನೆಲದ ಮೇಲೂ ಜಾಲರಿ ಹಾಸಿದರು. ಹತ್ತಿ ಬರುವ ಪುನುಗಿನ ಬೆಕ್ಕಿಗೆ ಅಡ್ಡವಾಗಿ ಒಂದೊಂದು ಕಾಲಿಗೂ ತಗಡಿನ ಕೊಡೆ ಕಟ್ಟಿದರು, ಇರುವೆಗೆ ಹೆದರಿ ನಾವು ಕಪಾಟಿನ ಕಾಲನ್ನು ನೀರಿನ ಬಟ್ಟಲಲ್ಲಿ ಇಡುವುದಿಲ್ಲವೇ, ಹಾಗೆ. ಮಳೆನೀರು ಇಳಿದು ಜೋಳ ಬೂಷ್ಟು ಹಿಡಿಯದಂತೆ ಡ್ರಮ್ಮಿನ ತಲೆಗೆ ಹಳೆಯ ಬಾಣಲೆ ಕವುಚಿದರು. ಒಂದೊಂದು ಕೆಲಸ ಮುಗಿದಾಗಲೂ ಒಂದು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ಹಂದಿ ನಾನಾಗಿದ್ದರೆ ಈಗ ಏನು ಮಾಡುತ್ತಿದ್ದೆ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು.

ಹಂದಿಗಳು ಒಳಗೆ ಬರಲಾರದೆ ಹೋದವು. ಆದರೂ ಬೇಲಿಯ ಸುತ್ತ ಕೂತು ಕಾದವು, ಹಂದಿ ಕೂತಲ್ಲಿಗೆ ಜಿಂಕೆ ಬರುವುದಿಲ್ಲ. ಅವು ಬರಿಯ ಕಾಡುಹಂದಿಗಳೂ ಆಗಿರಲಿಲ್ಲ. ಕಂದು ಕೂದಲಿನ ನಡುವೆ ಬಿಳಿ ತೇಪೆ, ಜೋಲುಕಿವಿ. ಎಲ್ಲಕ್ಕೂ ಹಿರಿಯಳಂತಿದ್ದ ಒಂದರ ಕಿವಿಯಲ್ಲಿ ಸಾಕಿದವರು ಚುಚ್ಚುವ ನಂಬರಿನ ಹಳದಿ ಓಲೆ ಇತ್ತು. ಅವಘಡದ ದಿನ ಮೊನ್ಮಾ ಸಾನ್ ಕೊಟ್ಟಿಗೆ ತೆರೆದು ಬಿಟ್ಟು ಹೋದ ಹಂದಿ ಅದು, ಅಂದು ಇನ್ನೂ ಚೊಚ್ಚಲ ಬಸುರಿ. ಉಳಿದವು ಅದರ ಮಕ್ಕಳು, ಮೊಮ್ಮಕ್ಕಳು.

ಅಕ್ಟೋಬರಿನಲ್ಲಿ ಊರಿನ ಕಚೇರಿಯಿಂದ ಕಾಗದ ಬಂತು. ಪೀಪಾಯಿಯಿಂದಾಗಿ ಹಂದಿಗಳು ಮನೆಗಳ ಹತ್ತಿರ ಸೇರುತ್ತಿವೆ, ನವೆಂಬರು ಮುಗಿಯುವುದರೊಳಗೆ ನಿಲ್ಲದಿದ್ದರೆ ಪೀಪಾಯಿ ತೆಗೆಯಬೇಕು, ಇಲ್ಲವೇ ಪಕ್ಕದಲ್ಲಿ ಬೋನು ಇಡಬೇಕು. ಪೀಪಾಯಿ ಹೋದರೆ ನಿರುಪಮಾಳ ಮೂರು ವರ್ಷದ ಓದು ಹೋಗುತ್ತದೆ. ಬೋನು ಬಂದರೆ ಹಳದಿ ಓಲೆಯವಳು ಹೋಗುತ್ತಾಳೆ. ಮೊನ್ಮಾ ಸಾನ್ ಕಾಗದವನ್ನು ನಾಲ್ಕಾಗಿ ಮಡಿಸಿ ಕೋಟಿನ ಒಳಜೇಬಿಗೆ ಇಟ್ಟುಕೊಂಡರು.

ಮರಕ್ಕೆ ಕಟ್ಟಿದ ಕ್ಯಾಮೆರಾ ಮಗಳ ಫೋನಿಗೆ ಕಳಿಸುತ್ತಿದ್ದ ಚಿತ್ರಗಳನ್ನು ಎಣಿಸುವ ಕೆಲಸ ನನ್ನದಾಗಿತ್ತು. ಬರವಣಿಗೆ ನನಗೆ ಅಷ್ಟಕ್ಕಷ್ಟೆ, ಗುರುತು ಹಾಕಬಲ್ಲೆ. ಜಿಂಕೆಗೆ ಗೀಟು, ಹಂದಿಗೆ ಸೊನ್ನೆ. ಆರು ವಾರದ ಹಾಳೆಗಳನ್ನು ಚಾಪೆಯ ಮೇಲೆ ಹರವಿದಾಗ ಸೊನ್ನೆಗಳೆಲ್ಲ ಸೋಮವಾರ, ಗುರುವಾರದ ಕೆಳಗೇ ಬಿದ್ದಿದ್ದವು, ಜೋಳ ಹಾಕಿ ಅರ್ಧ ಗಂಟೆ ಕಳೆಯುವುದರೊಳಗೆ. ಶನಿವಾರ ಒಂದೂ ಇಲ್ಲ. ಜೋಳ ಅದೇ, ಪೀಪಾಯಿ ಅದೇ. ಮಗಳು ಕೋಇನ್ಸಿಡೆನ್ಸ್ ಅಂದಳು. ಆರು ವಾರ ಸತತವಾಗಿ ಆಗುವುದಕ್ಕೆ ಆ ಹೆಸರು ಸಲ್ಲುತ್ತದೆಯೇ ಎಂದು ಕೇಳಿದೆ. ಮುಂದಿನ ಗುರುವಾರ ಅವಳು ರಜೆ ಹಾಕಿ ನನ್ನನ್ನೂ ಕರೆದುಕೊಂಡು ಹೋದಳು.

ಅಂದು ಮೊನ್ಮಾ ಸಾನ್ ತಗಡಿನ ಬಕೆಟ್ಟನ್ನು ಎಡತೋಳಿಗೆ ಹಾಕಿಕೊಂಡು, ಏಣಿಯ ಎರಡನೆಯ ಮೆಟ್ಟಿಲು ಹತ್ತಿ, ಸುರಿಯುವ ಮುನ್ನ ಬಲಗೈಯ ಬೆರಳಗೆಣ್ಣಿನಿಂದ ಅಂಚಿಗೆ ತಟ್ಟಿದರು. ಟಣ್ ಟಣ್, ಕೊಂಚ ತಡೆದು ಮತ್ತೊಮ್ಮೆ ಟಣ್. ತಾವು ತಟ್ಟಿದ್ದು ಅವರಿಗೇ ತಿಳಿದಂತಿರಲಿಲ್ಲ. ನನಗೆ ತಿಳಿಯಿತು. ಸಾರಿನ ಸೌಟನ್ನು ಪಾತ್ರೆಯ ಅಂಚಿಗೆ ಎರಡು ಸಲ ಬಡಿದರೆ ನಮ್ಮವರು ಎಲ್ಲಿದ್ದರೂ ಎದ್ದು ಬಂದು ಕೂರುತ್ತಿದ್ದರು. ಕೂರುವವರು ಇಲ್ಲವಾದ ಮೇಲೂ ನಾನು ಸೌಟು ಬಡಿಯುವುದನ್ನು ಬಿಟ್ಟಿರಲಿಲ್ಲ.

ಈ ಸದ್ದಿಗೇ ಹಂದಿಗಳು ಬರುತ್ತಿವೆ ಎಂದು ನಿರುಪಮಾ ತಿಳಿಸಿದಾಗ ಮೊನ್ಮಾ ಸಾನ್ ತಮ್ಮ ಬಲಗೈಯನ್ನು, ಅದು ಬೇರೆಯವರದೆಂಬಂತೆ, ಬಹಳ ಹೊತ್ತು ನೋಡಿದರು.

ಅಂದು ಪೀಪಾಯಿ ನೋಡಲು ಬಂದಿದ್ದ ಕಚೇರಿಯ ತರುಣ ಅಧಿಕಾರಿ ಇದನ್ನು ಕೇಳಿ ಕಷ್ಟದಲ್ಲಿ ದಾರಿ ಕಂಡವನಂತೆ ಹಿಗ್ಗಿದ. ಎರಡೆರಡು ಸಲ ಸುಮಿಮಾಸೆನ್, ಕ್ಷಮಿಸಿ, ಎಂದು ಬಗ್ಗಿ, ಹಾಗಾದರೆ ಮೊನ್ಮಾ ಸಾನ್ ಬೋನಿನ ಬಳಿ ನಿಂತು ತಟ್ಟಿದರೆ ಒಂದೇ ದಿನದಲ್ಲಿ ಎಲ್ಲ ಮುಗಿಯುತ್ತದಲ್ಲ ಎಂದ. ಮಗಳು ನನ್ನ ಕಿವಿಯಲ್ಲಿ, "ಪ್ರಾಕ್ಟಿಕಲ್ಲಾಗಿ ನೋಡಿದ್ರೆ ಅದೇ ಸರಿ ಕಣಮ್ಮ. ಸಾಕಿದ್ದೂ ಕಡಿಯೋಕೇ ತಾನೆ?" ಅಂದಳು. ಅವಳ ಮುಖ ಬಿಳಿಚಿತ್ತು, ಅವಳ ಕಷ್ಟ ಅವಳಿಗೆ.

ಮೊನ್ಮಾ ಸಾನ್ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಿರುಪಮಾ ವಾಕ್ಯಕ್ಕೊಮ್ಮೆ ನಿಲ್ಲಿಸಿ ನನಗೆ ಕನ್ನಡದಲ್ಲಿ ಹೇಳಿದಳು.

"ಕಡಿಯೋಕೆ ಒಯ್ಯೋ ಲಾರಿ ಬರೋ ದಿನ ನಾನು ಬಕೆಟ್ ಮುಟ್ತಿರಲಿಲ್ಲ. ಹಲಗೆ ಹಿಡಿದು ತಳ್ಳಿ ಹತ್ತಿಸ್ತಿದ್ದೆ. ಬಕೆಟ್ ತಟ್ಟಿದ್ರೆ ಊಟ ಇದೆ ಅಂತ, ಬೇರೆ ಏನೂ ಅಲ್ಲ. ಅವಘಡದ ದಿನ ಎರಡು ಗಂಟೆ ಟೈಮಲ್ಲಿ ಹೊರಡಿ ಅಂದ್ರು. ಕೊಟ್ಟಿಗೆ ತೆಗೆದೆ. ಒಂದೂ ಹೊರಗೆ ಬರ್ಲಿಲ್ಲ, ಹುಟ್ಟಿದಾಗಿಂದ ಮಣ್ಣು ತುಳಿದವಲ್ಲ ಅವು. ಅಂಗಳದಲ್ಲಿ ನಿಂತು ತಟ್ಟಿದೆ. ಇನ್ನೂರೂ ಓಡಿ ಬಂದ್ವು. ಬಕೆಟ್ ಖಾಲಿ ಇತ್ತು. ಅಲ್ಲೇ ಇಟ್ಟು ಟ್ರಕ್ ಹತ್ತಿದೆ. ಕನ್ನಡಿಯಲ್ಲಿ ನೋಡಿದ್ರೆ ಅದರೊಳಗೆ ಮೂತಿ ಇಟ್ಟು ಹುಡುಕ್ತಿದ್ವು." ಕೊನೆಗೆ, "ಇನ್ನೊಂದು ಸಲ ಆಗಲ್ಲ," ಅಂದರು.

ಅಧಿಕಾರಿ ಮತ್ತೆ ಬಗ್ಗಿದ. ಹೇಳಿದ ಗಡುವಿಗೆ ಇನ್ನೂ ಹದಿನೆಂಟು ದಿನವಿದೆ ಎಂದಷ್ಟೇ ಹೇಳಿ ಹೊರಟ.

ಇನ್ನು ತಟ್ಟುವುದಿಲ್ಲ ಎಂದು ಮೊನ್ಮಾ ಸಾನ್ ಮಾತು ಕೊಟ್ಟರು. ಆದರೆ ಸೋಮವಾರದ ಕೆಳಗೆ ಮತ್ತೆ ಏಳು ಸೊನ್ನೆ ಬಿದ್ದವು. ಫೋನಿನಲ್ಲಿ ಕೇಳಿದರೆ, ತಟ್ಟಿಯಾದ ಮೇಲೆ ನೆನಪಾಯಿತು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಹೀಗಾದೀತೆಂದು ನಾನು ಹಿಂದಿನ ಶನಿವಾರವೇ ಬಕೆಟ್ಟಿನ ಬಾಯಿಗೆ ನೂಲು ಸುತ್ತಿ ಅಳತೆ ತಂದಿದ್ದೆ; ಈಗ ಹಳೆಯ ನೂಲಿನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಕೌದಿಗೆ ಹಾಕುವಂತೆ ಒತ್ತಾಗಿ ಹೊಲಿಗೆ ಹಾಕಿ, ಅಂಚಿಗೆ ಕವಚ ಮಾಡಿ ಲಾಡಿ ಪೋಣಿಸಿದೆ. ಬುಧವಾರ ಕೊರಿಯರಿನಲ್ಲಿ ಅದು ಅವರ ಕೈ ಸೇರಿತು.

ಗುರುವಾರ ಮೂರು ಸೊನ್ನೆ. ಮುಂದಿನ ಸೋಮವಾರ ಒಂದು. ಆ ಒಂದು ಹಳದಿ ಓಲೆಯವಳು, ಬೇಲಿಗೆ ಬೆನ್ನು ಹಾಕಿ, ಅವರ ಟ್ರಕ್ಕು ಬರುವ ದಾರಿಯತ್ತ ಮುಖ ಮಾಡಿ ಕೂತಿದ್ದಳು. ಆಮೇಲೆ ಸೊನ್ನೆಗಳೇ ಇಲ್ಲ. ಗಡುವಿಗೆ ಮೂರು ದಿನ ಇರುವಾಗ ಎರಡು ಗೀಟು ಬಿದ್ದವು, ಒಂದು ತಾಯಿಜಿಂಕೆ, ಒಂದು ಮರಿ. ಬೋನು ಬರಲಿಲ್ಲ.

ಆ ಕೊನೆಯ ಹಂದಿಯ ಚಿತ್ರವನ್ನು ಅವರು ಕೇಳಿ ಪಡೆದರು. ಎರಡು ಕೈಯಲ್ಲಿ ಹಿಡಿದು, ಕಣ್ಣ ಹತ್ತಿರ ತಂದು, ಮುಖವನ್ನಲ್ಲ, ಬೆನ್ನನ್ನು ನೋಡಿದರು. "ಸೊರಗಿಲ್ಲ," ಎಂದರು, "ಒಕಾ ಸಾನ್, ನೋಡಿ, ಹೊಟ್ಟೆ ತುಂಬಿದೆ." ಕಾಗದವಿದ್ದ ಒಳಜೇಬಿನಲ್ಲೇ ಅದನ್ನೂ ಇಟ್ಟುಕೊಂಡರು.

ಆ ಚಳಿಗಾಲವೆಲ್ಲ ಶನಿವಾರದ ಜೋಳವನ್ನೂ ಅವರೇ ಸುರಿಯುತ್ತಿದ್ದರು, ನಾನು ನೋಡುತ್ತಿದ್ದೆ. ಅವರ ಬೆರಳು ಒಂದು ದಿನವೂ ತಟ್ಟುವುದನ್ನು ಬಿಡಲಿಲ್ಲ. ಎರಡು ಸಲ, ಕೊಂಚ ತಡೆದು ಮತ್ತೊಂದು ಸಲ, ಬಟ್ಟೆಯ ಮೇಲೆ. ಪಕ್ಕದಲ್ಲಿ ನಿಂತ ನನಗೂ ಸದ್ದು ಕೇಳಿಸುತ್ತಿರಲಿಲ್ಲ.

ಜೀವಗಳಿಗೆ ಹೊತ್ತುಹೊತ್ತಿಗೆ ಉಣಲಿಕ್ಕಿ ಬಾಳಿದವರಲ್ಲಿ ಮಾತು ಕಡಿಮೆ. ಅವರ ಮಾತೆಲ್ಲ ಒಂದು ಸದ್ದಿನಲ್ಲಿ ಅಡಗಿರುತ್ತದೆ, ಬಾ, ನಿನಗೆಂದು ಇದೆ ಎಂಬುದೊಂದೇ ಅದರ ಅರ್ಥ. ಆ ಮಾತು ಒಮ್ಮೆ ಸುಳ್ಳಾಯಿತೆಂದರೆ ಉಳಿದ ಆಯುಷ್ಯವನ್ನೆಲ್ಲ ಅದನ್ನು ನಿಜ ಮಾಡಲು ಸವೆಸುತ್ತಾರೆ. ಕರೆಯದೆ ಇರುವುದೇ ಈಗ ಕಾಪಾಡುವುದು ಎಂದು ತಿಳಿದ ದಿನ ಅದನ್ನೂ ಮಾಡುತ್ತಾರೆ. ಕೈಗೆ ಮಾತ್ರ ಅದನ್ನು ಕಲಿಸಲಾರರು.